ಮೊದಲ ಕಂತಿಗೇ ತೀರ್ಪು ಬೇಡ

(ಯುವಜನರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಪಿಯುಸಿವರೆಗೆ ಓದಿದವನು. ಅಚ್ಚಿನ ಮಸಿ ಕೈಗೆ ಹತ್ತಿದ ಮೇಲೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಇಂಥವನು ಜಪಾನಿನ ಅನಿಮೆ ಬಗ್ಗೆ ಏನು ಹೇಳಿಯಾನು ಎಂದು ನಗುತ್ತೀರಿ. ನಗಿ! ಆದರೆ ಅನಿಮೆಯ ಬೇರು ಇರುವುದು ಅಚ್ಚುಕೂಟದಲ್ಲೇ. ಆದ್ದರಿಂದ ನಾಲ್ಕು ಮಾತಾಡುವ ಹಕ್ಕು ನನಗಿದೆ.

ನಮ್ಮ ರೈತನಿಗೆ ಮುಂಗಾರು, ಹಿಂಗಾರು ಇದ್ದ ಹಾಗೆ ಅನಿಮೆಗೆ ವರ್ಷಕ್ಕೆ ನಾಲ್ಕು ಹಂಗಾಮು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಒಂದು ಹಂಗಾಮಿಗೆ ಸುಮಾರು 12-13 ಕಂತು. ಹತ್ತಾರು ಹೊಸ ಕಥೆಗಳು ಒಂದೇ ಸಲ ಸಂತೆಗೆ ಬಂದಿಳಿಯುತ್ತವೆ. ನೀವೋ, ಮೊದಲ ವಾರದಲ್ಲೇ 'ಇದು ಭೇಷ್, ಅದು ದಂಡ' ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತೀರಿ. ಬೀಜ ಬಿತ್ತಿದ ದಿನವೇ ಫಸಲಿನ ಲೆಕ್ಕ ಹಾಕಬಹುದೇ?

2023ರ ಶರತ್ಕಾಲದ ಹಂಗಾಮನ್ನೇ ನೋಡಿ. 'ಫ್ರೀರೆನ್' ಬಂತು. ರಾಕ್ಷಸರಾಜನನ್ನು ಕೊಂದು ವೀರರು ಊರಿಗೆ ಮರಳುವಲ್ಲಿಂದ ಕಥೆ ಶುರು! ಬೇರೆಯವರು ಎಲ್ಲಿ ಮಂಗಳ ಹಾಡುತ್ತಾರೋ ಅಲ್ಲಿ ಇವರು ನಾಂದಿ ಹಾಡಿದ್ದಾರೆ. ಸಾವಿರ ವರ್ಷ ಬಾಳಿದ ಮಾಂತ್ರಿಕಳಿಗೆ ಗೆಳೆಯರೊಂದಿಗೆ ಅಲೆದ ಹತ್ತು ವರ್ಷ ಕಣ್ಣು ಮಿಟುಕಿಸಿದಷ್ಟು. ಐವತ್ತು ವರ್ಷದ ಮೇಲೆ ಆ ವೀರ ಮುದುಕನಾಗಿ ಸಾಯುತ್ತಾನೆ. ಅವನ ಮಣ್ಣಿನ ಹೊತ್ತಿನಲ್ಲಿ, ಅವನನ್ನು ಅರಿಯಲು ತಾನು ಯತ್ನಿಸಲೇ ಇಲ್ಲವಲ್ಲ ಎಂದು ಅವಳು ಅಳುತ್ತಾಳೆ. ನಿಪ್ಪಾನ್ ಟಿವಿಯವರು ಮೊದಲ ನಾಲ್ಕು ಕಂತನ್ನು ಸೆಪ್ಟೆಂಬರ್ 29ರಂದು ಒಂದೇ ರಾತ್ರಿ ತೋರಿಸಿದರು. ಅದೇ ವಾಹಿನಿ ಅಕ್ಟೋಬರಿನಲ್ಲಿ 'ಅಪೋಥಿಕರಿ ಡೈರೀಸ್'ನ ಮೂರು ಕಂತುಗಳನ್ನು ಒಟ್ಟಿಗೆ ಕೊಟ್ಟಿತು. ಒಂದೇ ಕಂತು ಸಾಲದು ಎಂಬುದು ಮಾರುವವರಿಗೇ ಗೊತ್ತು!

ಆ ಎರಡನೆಯದು ಔಷಧಿ ಬಲ್ಲ ಹುಡುಗಿ ಮಾವೊಮಾವೊಳ ಕಥೆ. ಅರಮನೆಯ ಅಂತಃಪುರಕ್ಕೆ ಆಳಾಗಿ ಮಾರಲ್ಪಟ್ಟವಳು. ರಾಜನ ಕೂಸುಗಳನ್ನು ಕೊಲ್ಲುತ್ತಿರುವುದು ಶಾಪವಲ್ಲ, ತಾಯಂದಿರು ಮುಖಕ್ಕೆ ಬಳಿಯುವ ಬಿಳಿ ಪುಡಿ ಎಂದು ಗುಟ್ಟಾಗಿ ಬರೆದು ತಿಳಿಸುತ್ತಾಳೆ. ಬರೆದವಳು ಸಿಕ್ಕಿಬೀಳುವುದು ಹೇಗೆ? ಹಿಡಿದು ತೋರಿಸಿದ ಬರಹವನ್ನು ಓದಬಲ್ಲವಳಾದ್ದರಿಂದ! ಅಕ್ಷರ ಬಲ್ಲ ಆಳು ಅಂದರೆ ಅರಮನೆಗೂ ಅಚ್ಚರಿ. ಮೊಳೆ ಜೋಡಿಸಿದ ನನ್ನಂಥವನಿಗೆ ಇದಕ್ಕಿಂತ ರುಚಿಯಾದ ಮೊದಲ ಕಂತು ಬೇಕೆ?

ಈ ಮೋಡಿ ಇಷ್ಟು ಕಾಲ ಉಳಿದದ್ದು ಹೇಗೆ? ಒರಟು ಕಾಗದ, ಒಂದೇ ಬಣ್ಣದ ಮಸಿ, ಅಗ್ಗದ ಬೆಲೆ. ಜಪಾನಿನ ಮಂಗಾ ವಾರಪತ್ರಿಕೆಗಳು ಇಷ್ಟರಲ್ಲೇ ಹುಟ್ಟಿದವು. 1968ರಲ್ಲಿ ಶುರುವಾದ 'ಶೋನೆನ್ ಜಂಪ್' 1990ರ ದಶಕದ ಮಧ್ಯದಲ್ಲಿ ವಾರಕ್ಕೆ 65 ಲಕ್ಷ ಪ್ರತಿ ಮುಟ್ಟಿತು. ಓದುಗರು ಕಾರ್ಡು ಬರೆದು ಕಥೆಗಳಿಗೆ ಮತ ಹಾಕುತ್ತಾರೆ. ಮತ ಬೀಳದ ಕಥೆ ನಿಂತುಹೋಗುತ್ತದೆ, ಗೆದ್ದದ್ದು ಪುಸ್ತಕವಾಗುತ್ತದೆ, ಆಮೇಲೆ ತೆರೆಗೆ ಏರುತ್ತದೆ. ಜನ ಒಪ್ಪಿದ ಕಥೆಗೇ ಬಂಡವಾಳ.

ಇನ್ನು ಕಹಿ ಮಾತು. 1963ರ ಜನವರಿ 1ರಂದು ಒಸಾಮು ತೆಜುಕಾ 'ಆಸ್ಟ್ರೋ ಬಾಯ್' ತಂದರು. ಸಿನಿಮಾಕ್ಕೆ ಸೆಕೆಂಡಿಗೆ 24 ಚೌಕಟ್ಟು. ಇವರು ಒಂದೊಂದು ಚಿತ್ರವನ್ನು ಮೂರು ಚೌಕಟ್ಟಿಗೆ ನಿಲ್ಲಿಸಿ ಕೆಲಸ ಉಳಿಸಿದರು. ತಗಲುವ ಖರ್ಚಿಗಿಂತ ಕಡಿಮೆಗೆ ಕಂತು ಮಾರಿ, ಗೊಂಬೆ-ಮಿಠಾಯಿ ಹಕ್ಕಿನಲ್ಲಿ ನಷ್ಟ ತುಂಬಿಕೊಂಡರು. ನಮ್ಮ ಕಸುಬಿನಲ್ಲೂ ಒಬ್ಬ ಕಡಿಮೆ ದರ ಕೂಗಿದರೆ ಇಡೀ ಬೀದಿಯ ದರ ಬೀಳುತ್ತದೆ. ಅಲ್ಲೂ ಹಾಗೇ ಆಯಿತು. ಈಗ ಪ್ರಕಾಶಕರು, ವಾಹಿನಿಗಳು, ಸಂಗೀತ ಕಂಪನಿಗಳು ಸಮಿತಿ ಮಾಡಿಕೊಂಡು ಹಣ ಹೂಡುತ್ತವೆ, ಲಾಭ ಅವರಿಗೆ. ಪಾಲು ಹಾಕದ ಸ್ಟುಡಿಯೋಗೆ ಗೊತ್ತುಪಡಿಸಿದ ಕೂಲಿ. ಎಳೆಯ ಕಲಾವಿದನಿಗೆ ಚಿತ್ರವೊಂದಕ್ಕೆ ಕೆಲವು ನೂರು ಯೆನ್. ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟು, ತಾನೇ ಕಲಿಸಿ ಬೆಳೆಸಿದ ಕ್ಯೋಟೊ ಅನಿಮೇಷನ್‌ನಂಥವರೂ ಇದ್ದಾರೆ. 2019ರ ಜುಲೈಯಲ್ಲಿ ಕಿಡಿಗೇಡಿಯೊಬ್ಬ ಅಲ್ಲಿಗೆ ಬೆಂಕಿ ಇಟ್ಟು 36 ಜೀವ ಹೋದವು. ಆ ಕೈಗಳನ್ನು ಮತ್ತೆ ಎಲ್ಲಿಂದ ತರೋಣ?

ನಮ್ಮ ಮಾತಿಗೂ ಬರೋಣ. 2025ರ ಸೆಪ್ಟೆಂಬರ್ 12ರಂದು 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಭಾರತಕ್ಕೆ ಬಂತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಎಲ್ಲ ಇತ್ತು. ಕನ್ನಡ ಎಲ್ಲಿ? ಬೆಂಗಳೂರಿನಲ್ಲಿ ಟಿಕೆಟ್ ಕೊಂಡವರು ನೀವಲ್ಲವೇ? ಕೇಳದವನಿಗೆ ಯಾರೂ ಬಡಿಸುವುದಿಲ್ಲ.

ಮುಂದಿನ ಹಂಗಾಮು ಬಂದಾಗ ಮೂರು ಕೆಲಸ ಮಾಡಿ. ಮೂರು ಕಂತು ನೋಡಿ, ಆಮೇಲೆ ತೀರ್ಪು ಕೊಡಿ. ಕೊನೆಯಲ್ಲಿ ಓಡುವ ಹೆಸರುಗಳನ್ನು ದಾಟಿಸಬೇಡಿ. ಬರೆದ ಕೈಗಳು ಅಲ್ಲಿವೆ. ನೋಡಿದ್ದನ್ನು ಕನ್ನಡದಲ್ಲಿ ಮಾತಾಡಿ, ಕನ್ನಡದಲ್ಲೇ ಕೇಳಿ.