ದೂರದ ಸಿಪಾಯಿಗೆ ಎರಡು ಹೊತ್ತಿನ ಊಟ

(ಸಂಘದ ಬೆಳ್ಳಿ ಹಬ್ಬದ ಎರಡನೆಯ ದಿನ, ಊರಿನ ಮಾಜಿ ಸೈನಿಕರನ್ನು ಸನ್ಮಾನಿಸಿದ ಸಂದರ್ಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಮಾರನೇ ವರ್ಷವೇ ನೇಗಿಲು ಹಿಡಿದವನು. ಹಾಲಿನ ಫ್ಯಾಟಿನ ಲೆಕ್ಕ ಕೇಳಿದರೆ ಹೇಳಬಲ್ಲೆ. ಆದರೆ ಕಾರ್ಯದರ್ಶಿಯವರು "ನಿಮ್ಮ ತಾತ ಮಿಲ್ಟ್ರಿಲಿದ್ರಲ್ಲ, ಸೈನಿಕರ ಬಗ್ಗೆ ಎರಡು ಮಾತಾಡಿ" ಎಂದು ಬಲವಂತ ಮಾಡಿದ್ದರಿಂದ ನಿಂತಿದ್ದೇನೆ. ಗಡಿ ಕಾಯುವ ಯೋಧರ ಬಗ್ಗೆ ನಮ್ಮ ಹೈಸ್ಕೂಲು ಮೇಷ್ಟ್ರು ಆಗಲೇ ಚೆನ್ನಾಗಿ ಮಾತಾಡಿದ್ದಾರೆ. ನಾನು ಇನ್ನೊಂದು ಬಗೆಯ ಸೈನಿಕರ ವಿಷಯ ಹೇಳುತ್ತೇನೆ. ಒಂದು ದೇಶದ ರಾಜನ ಹೆಸರಿನಲ್ಲಿ ಪ್ರಮಾಣ ಮಾಡಿ ಯುದ್ಧ ಮಾಡಿದವರು, ಯುದ್ಧ ಮುಗಿದ ಮೇಲೆ ತಮ್ಮ ಊರಿಗೆ ಬಂದು ಮುದುಕರಾದವರು. ಅಷ್ಟರಲ್ಲಿ ಆ ರಾಜ್ಯವೇ ಬೇರೆ, ಇವರ ದೇಶವೇ ಬೇರೆ ಆಗಿಹೋಗಿತ್ತು. ಇಂಥವರನ್ನು, ಇವರು ಸತ್ತ ಮೇಲೆ ಇವರ ಹೆಂಡಂದಿರನ್ನು ಯಾರು ನೋಡಿಕೊಳ್ಳಬೇಕು? ಇದು ನನಗೆ ನಮ್ಮ ಮನೆಯಿಂದಲೇ ಬಂದ ಪ್ರಶ್ನೆ.

ನಮ್ಮ ತಾತ 1942ರಲ್ಲಿ ಬೆಂಗಳೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್ ಸೇರಿದರು. ರಸ್ತೆ ಮಾಡುವುದು, ಸೇತುವೆ ಕಟ್ಟುವುದು ಆ ಪಡೆಯ ಕೆಲಸ. ಬರ್ಮಾದ ಅರಾಕಾನ್ ಕಡೆ ಇದ್ದರಂತೆ. ಆಗ ನಮ್ಮ ದೇಶದಿಂದ 25 ಲಕ್ಷ ಜನ ಆ ಯುದ್ಧಕ್ಕೆ ಸೇರಿದ್ದರು, ಒಬ್ಬರನ್ನೂ ಕಡ್ಡಾಯ ಮಾಡಿ ಎಳೆದುಕೊಂಡು ಹೋಗಿರಲಿಲ್ಲ. ಹಾಗಂತ ಎಲ್ಲರೂ ರಾಜಭಕ್ತಿಯಿಂದ ಹೋದರು ಅಂತಲ್ಲ. ನಮ್ಮ ತಾತನೇ ಹೇಳುತ್ತಿದ್ದರು, ಮನೇಲಿ ರಾಗಿ ಇರಲಿಲ್ಲ, ಅಲ್ಲಿ ಊಟ ಹಾಕ್ತಿದ್ರು, ಹೋದೆ ಅಂತ.

1946ರಲ್ಲಿ ಅವರನ್ನು ಮನೆಗೆ ಕಳಿಸಿದರು. ಕೈಗೆ ಒಂದಿಷ್ಟು ಗಂಟು, ಒಂದು ಡಿಸ್ಚಾರ್ಜ್ ಪುಸ್ತಕ, ಎರಡು ಪದಕ. ಪಿಂಚಣಿ ಇಲ್ಲ. ಏಕೆಂದರೆ ಸಿಪಾಯಿಗೆ ಪಿಂಚಣಿ ಬೇಕಾದರೆ 15 ವರ್ಷ ಸೇವೆ ಆಗಬೇಕು. ಯುದ್ಧಕ್ಕೆಂದೇ ಸೇರಿಸಿಕೊಂಡವರು ನಾಲ್ಕೈದು ವರ್ಷ ದುಡಿದವರು. ಯುದ್ಧ ಬೇಗ ಮುಗಿದದ್ದು ಅವರ ತಪ್ಪೇ? ಆದರೆ ನಿಯಮ ನಿಯಮವೇ. ಲಕ್ಷಾಂತರ ಜನ ಹೀಗೆ ಬರಿಗೈಲಿ ಊರಿಗೆ ಬಂದು ಹೊಲಕ್ಕಿಳಿದರು.

ಈಗ ಆ ಕಡೆಯ ಕಥೆ. ಮೊದಲನೇ ಮಹಾಯುದ್ಧ ಮುಗಿದ ಮೇಲೆ, 1921ರಲ್ಲಿ, ಬ್ರಿಟಿಷ್ ಸೇನಾಪತಿಯಾಗಿದ್ದ ಫೀಲ್ಡ್ ಮಾರ್ಷಲ್ ಹೇಗ್ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಸಭೆ ಸೇರಿಸಿ ಒಂದು ಸಂಘ ಹುಟ್ಟುಹಾಕಿದರು. ಸಾಮ್ರಾಜ್ಯದ ಎಲ್ಲ ದೇಶಗಳ ಮಾಜಿ ಸೈನಿಕರಿಗೂ ಸೇರಿದ ಸಂಘ. ಮುಂದೆ ಇದಕ್ಕೆ ರಾಯಲ್ ಕಾಮನ್‌ವೆಲ್ತ್ ಎಕ್ಸ್-ಸರ್ವೀಸಸ್ ಲೀಗ್ ಅಂತ ಹೆಸರಾಯಿತು. ಕಚೇರಿ ಲಂಡನ್ನಿನಲ್ಲಿ. ಸ್ವಾತಂತ್ರ್ಯಕ್ಕೆ ಮುಂಚೆ ಬ್ರಿಟಿಷ್ ರಾಜನ ಸೈನ್ಯದಲ್ಲಿದ್ದು, ಈಗ ಬೇರೆ ದೇಶದಲ್ಲಿ ಕಷ್ಟದಲ್ಲಿರುವ ಸೈನಿಕರಿಗೆ, ಅವರ ವಿಧವೆಯರಿಗೆ ಸಹಾಯ ಮಾಡುವುದು ಅದರ ಕೆಲಸ. ಲಂಡನ್ನಿನವರ ಲೆಕ್ಕದಲ್ಲಿ ನಮ್ಮ ತಾತ ಪರದೇಶದಲ್ಲಿರುವ ಮಾಜಿ ಸೈನಿಕ! ನಮಗೆ ಅವರು ಪರದೇಶ, ಅವರಿಗೆ ನಾವು ಪರದೇಶ.

ಆ ಲೀಗಿನ ಗುರಿ ಏನು ಗೊತ್ತೇ? ಮನೆ ಕಟ್ಟಿಸಿಕೊಡುವುದಲ್ಲ, ಮಕ್ಕಳಿಗೆ ಕೆಲಸ ಕೊಡಿಸುವುದಲ್ಲ. ದಿನಕ್ಕೆ ಒಂದು ಹೊತ್ತಿನ ಊಟಕ್ಕೆ ಸಾಲುವಷ್ಟು ದುಡ್ಡು. ಬಹಳ ವರ್ಷ ಅಷ್ಟೇ ಅವರ ಶಕ್ತಿ. 2018ರಲ್ಲಿ ಬ್ರಿಟಿಷ್ ಸರ್ಕಾರ ಸುಮಾರು 1 ಕೋಟಿ 20 ಲಕ್ಷ ಪೌಂಡ್ ಕೊಡುವುದಾಗಿ ಘೋಷಿಸಿದಾಗ, ಹೆಚ್ಚುಕಡಿಮೆ 7,000 ಮುದುಕರಿಗೆ, ವಿಧವೆಯರಿಗೆ ಅದನ್ನು ಎರಡು ಹೊತ್ತಿನ ಊಟ ಮಾಡುತ್ತೇವೆ ಅಂದರು. ಸ್ವಲ್ಪ ಯೋಚನೆ ಮಾಡಿ. ಯುದ್ಧ ಮುಗಿದದ್ದು 1945ರಲ್ಲಿ. ಒಂದು ಹೊತ್ತಿನಿಂದ ಎರಡು ಹೊತ್ತಿಗೆ ಬರಲು 73 ವರ್ಷ. ಅಷ್ಟರಲ್ಲಿ ಎಲೆ ಹಾಕಿಸಿಕೊಳ್ಳಬೇಕಾದವರಲ್ಲಿ ಬಹುಪಾಲು ಜನ ಎದ್ದು ಹೋಗಿದ್ದರು.

ಇದರಲ್ಲಿ ಆಫ್ರಿಕಾದವರ ಪಾಲು ದೊಡ್ಡದು. ಕೀನ್ಯಾ, ಉಗಾಂಡ, ಮಲಾವಿ, ನೈಜೀರಿಯಾ, ಘಾನಾ, ಇಲ್ಲಿಂದೆಲ್ಲ ಸಿಪಾಯಿಗಳು ಬರ್ಮಾಕ್ಕೆ ಬಂದಿದ್ದರು. ತಾತ ಇವರನ್ನು ಕಣ್ಣಾರೆ ನೋಡಿದ್ದರು. ಅರಾಕಾನಿನಲ್ಲಿ ಗಾಡಿ ಹೋಗುವ ದಾರಿಯಿಲ್ಲದ ಕಡೆ ಪಶ್ಚಿಮ ಆಫ್ರಿಕಾದ ಪಡೆಯವರು ಮದ್ದುಗುಂಡು, ಅಕ್ಕಿ ಎಲ್ಲ ತಲೆ ಮೇಲೆ ಹೊತ್ತು ಸಾಲಾಗಿ ಬೆಟ್ಟ ಹತ್ತುತ್ತಿದ್ದರಂತೆ. "ನಮ್ಮೂರ ಹೆಂಗಸರು ಹೊರೆ ಹೊತ್ತಂಗೆ, ಕೈ ಬಿಟ್ಟು ನಡೀತಿದ್ರು" ಎಂದು ತಾತ ತೋರಿಸುತ್ತಿದ್ದರು. ಯುದ್ಧ ಮುಗಿದಾಗ ಇವರಿಗೆ ಕೊಟ್ಟ ಇಡಿಗಂಟಿನಲ್ಲೂ ಬಣ್ಣ ನೋಡಿದ್ದರು. ಕರಿಯ ಸಿಪಾಯಿಗೆ ಕೊಟ್ಟದ್ದರ ಮೂರು ಪಟ್ಟಿನವರೆಗೂ ಬಿಳಿಯನಿಗೆ ಕೊಟ್ಟಿದ್ದರು ಅಂತ 2019ರಲ್ಲಿ ಹಳೇ ಕಡತಗಳಿಂದ ಹೊರಬಂತು. ಅದೇ ಕಾಡು, ಅದೇ ಜಿಗಣೆ, ಅದೇ ಮಲೇರಿಯ, ದುಡ್ಡು ಮಾತ್ರ ಬೇರೆ. ನಮ್ಮ ಡೇರಿಯಲ್ಲಿ ಒಬ್ಬರ ಹಾಲಿಗೆ ಒಂದು ರೇಟು, ಇನ್ನೊಬ್ಬರ ಹಾಲಿಗೆ ಒಂದು ರೇಟು ಹಾಕಿದರೆ ಸರ್ವ ಸದಸ್ಯರ ಸಭೆಯಲ್ಲಿ ಕುರ್ಚಿ ಉಳಿಯುತ್ತದೆಯೇ?

ಫ್ರಾನ್ಸಿನವರದು ಇನ್ನೊಂದು ಬಗೆ. ಸೆನೆಗಲ್ ಮುಂತಾದ ಕಡೆಯ ಸಿಪಾಯಿಗಳ ಪಿಂಚಣಿಯನ್ನು 1959ರ ಕಾನೂನಿನಿಂದ ಅಲ್ಲಲ್ಲೇ ನಿಲ್ಲಿಸಿಬಿಟ್ಟರು. ಫ್ರೆಂಚ್ ಸೈನಿಕನದು ಏರುತ್ತಾ ಹೋಯಿತು, ಇವರದು ನಿಂತಲ್ಲೇ ನಿಂತಿತು. ಅದನ್ನು ಸರಿ ಮಾಡಲು 2006-07 ಆಗಬೇಕಾಯಿತು. ಇನ್ನೊಂದು ವೃದ್ಧಾಪ್ಯದ ಭತ್ಯ ಬೇಕಾದರೆ ವರ್ಷದಲ್ಲಿ ಆರು ತಿಂಗಳು ಫ್ರಾನ್ಸಿನಲ್ಲೇ ಇರಬೇಕು ಎಂಬ ಷರತ್ತು. 90 ದಾಟಿದವರೂ ಹೆಂಡತಿ ಮಕ್ಕಳನ್ನು ಬಿಟ್ಟು ಪ್ಯಾರಿಸ್ ಹತ್ತಿರ ಸಣ್ಣ ಕೋಣೆಗಳಲ್ಲಿ ಒಬ್ಬೊಬ್ಬರೇ ಇದ್ದರು. 2023ರಲ್ಲಿ ಆ ಷರತ್ತು ತೆಗೆದ ಮೇಲೆ ಒಂಬತ್ತು ಮಂದಿ ಸೆನೆಗಲ್ಲಿಗೆ ವಾಪಸು ಹೋದರು. ಒಂಬತ್ತೇ ಮಂದಿ.

ಇದೆಲ್ಲದರ ನಡುವೆ ಸಹಕಾರಿಯಾಗಿ ನನಗೆ ಮೆಚ್ಚುಗೆಯಾದದ್ದು ನೇಪಾಳದ ಗೂರ್ಖಾಗಳ ಕೆಲಸ. ಬ್ರಿಟಿಷ್ ಸೈನ್ಯದಲ್ಲಿ ದುಡಿದು, 15 ವರ್ಷ ತುಂಬದೆ ಪಿಂಚಣಿ ಇಲ್ಲದೆ ಬೆಟ್ಟದ ಹಳ್ಳಿಗಳಿಗೆ ಹಿಂತಿರುಗಿದವರು ಅಲ್ಲೂ ಸಾವಿರಾರು ಜನ. ಇವರಿಗಾಗಿ 1969ರಲ್ಲಿ ಗೂರ್ಖಾ ವೆಲ್ಫೇರ್ ಟ್ರಸ್ಟ್ ಶುರುವಾಯಿತು. ಇಂಗ್ಲೆಂಡಿನ ಜನ ಚಂದಾ ಕೊಟ್ಟರು, ಅದು ಸರಿ. ಆದರೆ ಈಗ ಸೇವೆಯಲ್ಲಿರುವ ಗೂರ್ಖಾ ಸೈನಿಕರು ವರ್ಷಕ್ಕೆ ಒಂದು ದಿನದ ಸಂಬಳವನ್ನು ಈ ಟ್ರಸ್ಟಿಗೆ ಬಿಡುತ್ತಾರೆ. ಇವತ್ತು ದುಡಿಯುವವನು ನಿನ್ನೆ ದುಡಿದವನಿಗೆ ಕೊಡುವುದು. ಆ ದುಡ್ಡಿನಲ್ಲಿ ಮುದುಕರಿಗೆ, ವಿಧವೆಯರಿಗೆ ತಿಂಗಳು ತಿಂಗಳು ಪಿಂಚಣಿ. ನೇಪಾಳದ ಉದ್ದಗಲಕ್ಕೂ ಇವರ ಕೇಂದ್ರಗಳಿವೆ, ನಡೆಸುವವರು ನಿವೃತ್ತ ಗೂರ್ಖಾಗಳೇ. ಬರಲಾರದವರ ಮನೆಗೆ ಇವರೇ ಬೆಟ್ಟ ಹತ್ತಿ ಹೋಗಿ ಔಷಧಿ ಕೊಟ್ಟು, ಜೀವಂತ ಇದ್ದಾರೆಯೇ ನೋಡಿ ಬರುತ್ತಾರೆ. ಯಾರೂ ದಿಕ್ಕಿಲ್ಲದವರಿಗೆ ಪೋಖ್ರಾ ಮತ್ತು ಧರಾನ್‌ನಲ್ಲಿ ಎರಡು ಆಶ್ರಯ ಮನೆಗಳಿವೆ. 2015ರ ಏಪ್ರಿಲ್‌ನಲ್ಲಿ ಭೂಕಂಪ ಆಗಿ ಹಳ್ಳಿಗಳು ನೆಲಸಮ ಆದಾಗ, ಯಾವ ಬೆಟ್ಟದಲ್ಲಿ ಯಾವ ಮುದುಕಿ ಇದ್ದಾಳೆ ಎಂಬ ಲೆಕ್ಕ ಇವರ ಹತ್ತಿರ ಮೊದಲೇ ಇತ್ತು. ದುಡ್ಡಿಗಿಂತ ಈ ಲೆಕ್ಕ ದೊಡ್ಡದು ಅಂತ ನನ್ನ ಅಭಿಪ್ರಾಯ.

ಲಂಡನ್ನಿನ ಲೀಗಿಗೆ ಹಾಗೆ ಊರೂರಿಗೆ ಹೋಗುವ ಜನ ಇಲ್ಲ. ಆಯಾ ದೇಶದ ಮಾಜಿ ಸೈನಿಕರ ಸಂಘಟನೆಯ ಮೂಲಕವೇ ಕೊಡುತ್ತದೆ. ನಮ್ಮಲ್ಲಿ ಅದು ಇಂಡಿಯನ್ ಎಕ್ಸ್-ಸರ್ವೀಸಸ್ ಲೀಗ್. ನಮ್ಮ ಕೊಡಗಿನ ಕಾರ್ಯಪ್ಪನವರು ನಿವೃತ್ತರಾದ ಮೇಲೆ 1964ರಲ್ಲಿ ಮುಂದೆ ನಿಂತು ಕಟ್ಟಿದ್ದು. ಅದಲ್ಲದೆ ನಮ್ಮ ರಾಜ್ಯ ಸರ್ಕಾರದ ಸೈನಿಕ ಕಲ್ಯಾಣ ಇಲಾಖೆಯಿಂದಲೂ ಎರಡನೇ ಮಹಾಯುದ್ಧದವರಿಗೆ, ಅವರ ವಿಧವೆಯರಿಗೆ ಮಾಸಿಕ ಸಹಾಯಧನ ಉಂಟು. ಅಂದರೆ ಬಾಗಿಲು ಎರಡಿದ್ದವು. ನಮ್ಮ ಮನೆಯಲ್ಲಿ ಯಾರಿಗೂ ಎರಡೂ ಗೊತ್ತಿರಲಿಲ್ಲ.

ತಾತ ತೀರಿಕೊಂಡದ್ದು 1990ರಲ್ಲಿ, ನಾನು ಏಳನೇ ಕ್ಲಾಸು. 2004ರಲ್ಲಿ ಪಕ್ಕದೂರಿನ ನಿವೃತ್ತ ಹವಾಲ್ದಾರರೊಬ್ಬರು ಸಂತೆಯಲ್ಲಿ ಸಿಕ್ಕಿ, "ಏನಪ್ಪ, ನಿಮ್ಮಜ್ಜಿಗೆ ಅರ್ಜಿ ಹಾಕಿಲ್ವಾ?" ಅಂದಾಗಲೇ ನನಗೆ ತಿಳಿದದ್ದು. ಬಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. ಪದಕ ಇದ್ದವು. ಡಿಸ್ಚಾರ್ಜ್ ಪುಸ್ತಕದ ರಟ್ಟು ಮಾತ್ರ ಇತ್ತು, ಒಳಗೆಲ್ಲ ಗೆದ್ದಲು. ಒಂದು ಕಚೇರಿಗೆ ಹೋದೆ, ಹೆಸರು ಬೇಡ. ನಂಬರಿಲ್ಲದೆ ಏನೂ ಮಾಡಲಾಗದು ಅಂದರು. ಮದುವೆಗೆ ಸಾಕ್ಷಿ ಕೊಡಿ ಅಂದರು. ಮದುವೆ ಆದದ್ದು 1947ರಲ್ಲಿ, ಚಪ್ಪರದ ಕೆಳಗೆ, ಸಾಕ್ಷಿ ಹೇಳಬೇಕಾದವರೆಲ್ಲ ತೋಟದಲ್ಲಿ ಮಲಗಿದ್ದರು. ಮೂರು ಸಲ ಅಲೆದು ಬಿಟ್ಟುಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಬೇಜಾರಿನಲ್ಲಿ ಈ ನಂಬರಿನ ವಿಷಯ ಹೇಳಿದೆ. ಅಜ್ಜಿ ಮುದ್ದೆ ಮುರಿಯುತ್ತಾ "ನಂಬ್ರ ತಾನೆ?" ಎಂದು ಇಂಗ್ಲಿಷಿನಲ್ಲಿ ಒಂದೊಂದೇ ಅಂಕಿ ಹೇಳಿಬಿಟ್ಟಿತು! ಒಂದಕ್ಷರ ಓದದ ಅಜ್ಜಿ. ತಾತ ನಿದ್ದೆಯಲ್ಲಿ ಬೆಚ್ಚಿಬಿದ್ದು ಎದ್ದು ಕೂತು ನಂಬರು, ಹೆಸರು ಕೂಗುತ್ತಿದ್ದರಂತೆ. ನಲವತ್ತು ವರ್ಷ ಪಕ್ಕದಲ್ಲಿ ಮಲಗಿ ಕೇಳಿ ಕೇಳಿ ಅಜ್ಜಿಗೆ ಬಾಯಿಪಾಠ. ಅದು ಅಂಕಿ ಎಂದೂ ಗೊತ್ತಿರಲಿಲ್ಲ, ಏನೋ ಯುದ್ಧದ ಮಂತ್ರ ಅಂತ ತಿಳಿದಿತ್ತಂತೆ. ಹವಾಲ್ದಾರರು ಆ ನಂಬರು ಬರೆದು ಬೆಂಗಳೂರಿನ ದಾಖಲೆ ವಿಭಾಗಕ್ಕೆ ಕಾಗದ ಹಾಕಿದರು. ಐದು ತಿಂಗಳಿಗೆ ಉತ್ತರ ಬಂತು. ತಾತನ ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ, ಎಲ್ಲ ಸರಿಯಾಗಿತ್ತು.

ಮೊದಲು ಬಂದದ್ದು ಲಂಡನ್ ಲೀಗಿನ ನೆರವು. ದೊಡ್ಡ ಮೊತ್ತವೇನಲ್ಲ. ಅಜ್ಜಿಗೆ ಒಂದು ಕನ್ನಡಕ, ಒಂದು ಕರಿ ಕಂಬಳಿ ತಂದೆವು, ಮಿಕ್ಕಿದ್ದರಲ್ಲಿ ಅಂಗಡಿ ಸಾಲ ತೀರಿತು. "ಯಾರ್ಲಾ ಮಗ ಇದ ಕಳ್ಸಿದ್ದು?" ಎಂದು ಕೇಳಿತು. ಇಂಗ್ಲೆಂಡಿನವರು ಅಂದೆ. "ಅವ್ರಿಗೆ ಈಗ ಗ್ಯಾಪ್ಕ ಬಂತಾ" ಅಂದು ಸುಮ್ಮನಾಯಿತು. ನಾಲ್ಕು ವರ್ಷ ಇತ್ತು ಆ ಮೇಲೆ, 2008ರಲ್ಲಿ ಹೋಯಿತು.

ಮೊನ್ನೆ ಆಡಳಿತ ಮಂಡಳಿಯಲ್ಲಿ ನಾನು ಈ ವಿಷಯ ಎತ್ತಿದಾಗ ನಮ್ಮ ಹಿರಿಯ ನಿರ್ದೇಶಕರೊಬ್ಬರು, ನಮ್ಮನ್ನು ಆಳಿದವರ ಭಿಕ್ಷೆ ನಮಗೇಕೆ ಅಂದರು. ಮಾತು ತೂಕದ್ದೇ. ನಾನೂ ಅದನ್ನು ಭಿಕ್ಷೆ ಅಂದುಕೊಂಡಿದ್ದರೆ ಮುಟ್ಟುತ್ತಿರಲಿಲ್ಲ. ಹಾಲು ಹಾಕಿಸಿಕೊಂಡು ಬಟವಾಡೆ ಬಾಕಿ ಇಟ್ಟವರು, ತಡವಾಗಿ ಬಾಕಿಯ ಒಂದು ಚೂರು ಕೊಟ್ಟರೆ ಅದು ಭಿಕ್ಷೆಯೇ? ಪೂರ್ತಿ ಬಂತೇ ಅಂದರೆ ಬಂದಿಲ್ಲ. ಸರ್ಕಾರಗಳು ಮಾಡಬೇಕಾದ್ದನ್ನು ದಾನಿಗಳು ಮಾಡಿದರು ಎಂಬುದರಲ್ಲಿ ಆ ಸರ್ಕಾರಗಳಿಗೆ ನಾಚಿಕೆ ಇರಬೇಕು, ತೆಗೆದುಕೊಂಡ ಮುದುಕಿಗಲ್ಲ.

ಇನ್ನು ಒಂದೇ ವಿಷಯ, ಇದು ನಮ್ಮ ಸಂಘದ ನಾಚಿಕೆ. ಕೆರೆ ಏರಿಯ ಕೆಳಗಿನ ಮನೆಯ ಅಜ್ಜಿ ನಿಮಗೆಲ್ಲ ಗೊತ್ತು. ಸಂಘ ಶುರುವಾದ ದಿನದಿಂದ ಹಾಲು ಹಾಕಿದವರು, ಈಗ 90 ದಾಟಿದೆ, ಮೊಮ್ಮಗಳು ಕ್ಯಾನು ತರುತ್ತಾಳೆ. ಅವರ ಯಜಮಾನರೂ ನಮ್ಮ ತಾತನ ಜೊತೆಯಲ್ಲೇ ಬೆಂಗಳೂರಿಗೆ ಹೋಗಿ ಸೇರಿದವರು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದುದು ನನಗೆ ಚಿಕ್ಕಂದಿನಿಂದ ಗೊತ್ತು. ಇಪ್ಪತ್ತೈದು ವರ್ಷದಿಂದ ಅವರ ಹಾಲಿನ ಡಿಗ್ರಿ ಬರೆದುಕೊಂಡಿದ್ದೇವೆ, ಅವರಿಗೆ ಏನಾದರೂ ಬರುತ್ತಿದೆಯೇ ಎಂದು ಒಂದು ದಿನ ಕೇಳಲಿಲ್ಲ. ನಮ್ಮ ಅಜ್ಜಿಯ ಅರ್ಜಿ ಬರೆದವನೇ ನಾನು, ನಾನೂ ಕೇಳಲಿಲ್ಲ. ಸನ್ಮಾನದ ಪಟ್ಟಿ ಬರೆಯುವಾಗ ಮೊನ್ನೆ ಹೋಗಿ ಕೇಳಿದೆ. ಏನೂ ಬರುತ್ತಿಲ್ಲ.

ಅವರು ಇವತ್ತು ಇಲ್ಲಿಗೆ ಬಂದಿಲ್ಲ, ಕಾಲು ನಡೆಯುವುದಿಲ್ಲ. ಅವರ ಶಾಲು, ಹಣ್ಣಿನ ಬುಟ್ಟಿ ಈ ಮೇಜಿನ ಮೇಲೇ ಇದೆ. ಹವಾಲ್ದಾರರಿಗೂ ಹೇಳಿಕಳಿಸಿದ್ದೇನೆ, ಮಗನ ಸ್ಕೂಟರಿನಲ್ಲಿ ಬರುತ್ತೇನೆ ಅಂದಿದ್ದಾರೆ. ಊಟ ಆದ ಮೇಲೆ ನಾನು, ಕಾರ್ಯದರ್ಶಿಯವರು, ಹವಾಲ್ದಾರರು ಅಲ್ಲಿಗೆ ಹೋಗುತ್ತೇವೆ. ಅವರ ಮನೆಯಲ್ಲೂ ಒಂದು ಕಬ್ಬಿಣದ ಟ್ರಂಕಿದೆ, ಬೀಗದ ಕೈ ಎಲ್ಲೋ ಹೋಗಿದೆಯಂತೆ. ಹುಡುಕಿಡಲು ಮೊಮ್ಮಗಳಿಗೆ ಹೇಳಿದ್ದೇನೆ, ಸಿಗದಿದ್ದರೆ ಕುಲುಮೆಯವರು ಇಲ್ಲೇ ಕೂತಿದ್ದಾರೆ, ಅವರೂ ಜೊತೆಗೆ ಬರಲಿ.