ಹಳೆಯ ಬಣವೆಯ ಹುಲ್ಲು

ಮುಂಗಾರು ತಡವಾದ ವರ್ಷ ರೈತನ ಕೊಟ್ಟಿಗೆಯನ್ನು ಕಾಯುವುದು ಹಿತ್ತಲಿನ ಹಳೆಯ ಬಣವೆಯೇ. ಚೆನ್ನಾಗಿ ಒಣಗಿಸಿ, ನೆಲದಿಂದ ಎತ್ತರಿಸಿ, ಮಳೆಯ ನೀರು ಜಾರಿ ಹೋಗುವಂತೆ ಒಟ್ಟಿದ ರಾಗಿ ಹುಲ್ಲು ವರ್ಷ ಕಳೆದರೂ ಮೇವಾಗಿ ಉಳಿಯುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ತಿಪ್ಪೆಗೆ ಹಾಕುವುದು ಸಲ್ಲದು. ಹಾಗೆಂದು ಬಣವೆಯಲ್ಲಿರುವುದೆಲ್ಲವೂ ಮೇವೆಂದು ಭಾವಿಸುವುದೂ ಸರಿಯಲ್ಲ.

ಹುಲ್ಲು ಹಳತಾದಂತೆ ನಶಿಸುವ ಅಂಶಗಳಲ್ಲಿ ಮುಖ್ಯವಾದುದು ಕ್ಯಾರೋಟಿನ್. ದನಗಳ ದೇಹದಲ್ಲಿ ಎ ಜೀವಸತ್ವ ಉಂಟಾಗುವುದು ಇದರಿಂದಲೇ. ಹಲವು ತಿಂಗಳು ಬರಿಯ ಒಣಹುಲ್ಲನ್ನೇ ತಿಂದ ರಾಸುಗಳಿಗೆ ಇರುಳುಗಣ್ಣು ಬರಬಹುದು. ಗಬ್ಬದ ಹಸು ಕಂದು ಹಾಕಬಹುದು. ಪ್ರತಿದಿನ ಒಂದಿಷ್ಟು ಹಸಿರು ಮೇವು, ಅದಿಲ್ಲದೆಡೆ ಅಗಸೆ ಮರದ ಸೊಪ್ಪು ದೊರೆತರೂ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ಬೂಷ್ಟಿನ ವಿಷಯದಲ್ಲಿ. ಅಕಾಲಿಕ ಮಳೆಗೆ ನೆನೆದ ಭತ್ತದ ಹುಲ್ಲನ್ನು ಹಸಿಯಾಗಿಯೇ ಒಟ್ಟಿದರೆ ಬಣವೆಯೊಳಗೆ ಕಾವೇರುತ್ತದೆ. ಹುಲ್ಲು ಕಪ್ಪಾಗಿ, ಮುಗ್ಗಲು ವಾಸನೆ ಬೀರುತ್ತದೆ. ಕೊಡವಿದರೆ ಪುಡಿ ಹಾರುತ್ತದೆ. ಪಂಜಾಬಿನ ಕಡೆ ದೇಗ್ನಾಲಾ ಎಂದು ಹೆಸರಾದ ರೋಗವನ್ನು ಪಶುವೈದ್ಯರು ಇಂಥ ಬೂಷ್ಟು ಹುಲ್ಲಿನೊಡನೆ ಸಂಬಂಧಿಸಿದ್ದಾರೆ. ಚಳಿಗಾಲದಲ್ಲಿ ಎಮ್ಮೆಗಳ ಬಾಲದ ತುದಿ, ಕಿವಿ, ಕಾಲುಗಳು ಕೊಳೆಯತೊಡಗುತ್ತವೆ. ಬೂಷ್ಟು ಹಿಡಿದ ಮೇವಿನಲ್ಲಿಯೂ ಹಿಂಡಿಯಲ್ಲಿಯೂ ಇರಬಹುದಾದ ಅಫ್ಲಾಟಾಕ್ಸಿನ್ ಹಾಲಿಗೂ ಇಳಿಯುತ್ತದೆ. ಹಾಲನ್ನು ಕಾಯಿಸಿದ ಮಾತ್ರಕ್ಕೆ ಅದು ಹೋಗದು. ಹೀಗಾಗಿ ಕೇಡು ಹಸುವಿಗಷ್ಟೇ ಅಲ್ಲ, ಮನೆಯ ಕೂಸಿಗೂ ತಟ್ಟುತ್ತದೆ. ಬಿಸಿಲಿಗೆ ಹರಡಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಬೂಷ್ಟು ಒಣಗೀತು, ವಿಷ ಉಳಿದೀತು. ಅಂಥ ಭಾಗವನ್ನು ಧಾರಾಳವಾಗಿಯೇ ಕಿತ್ತು ಗೊಬ್ಬರದ ಗುಂಡಿಗೆ ಸೇರಿಸಬೇಕು. ಇಲ್ಲಿ ಜಿಪುಣತನ ಕೂಡದು.

ಬೂಷ್ಟಿಲ್ಲದ, ಆದರೆ ಸತ್ವ ಕಡಿಮೆಯಾದ ಹುಲ್ಲಿಗೆ ಯೂರಿಯಾ ಉಪಚಾರವುಂಟು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ 21 ದಿನ ಬಿಡಬೇಕು. ಹುಲ್ಲು ಮೆದುವಾಗುತ್ತದೆ, ಸಸಾರಜನಕದ ಅಂಶ ಹೆಚ್ಚುತ್ತದೆ. ತಿನ್ನಿಸುವ ಮುನ್ನ ಘಾಟು ವಾಸನೆ ಹೋಗುವವರೆಗೆ ಗಾಳಿಗೆ ಹರಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ಕರಗಿಸಿದ ನೀರನ್ನು ದನ ಕುಡಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಕೆಲಸ ಮುಗಿದೊಡನೆ ಪಾತ್ರೆಗಳನ್ನು ಕೊಟ್ಟಿಗೆಯಿಂದ ದೂರ ಒಯ್ದು ತೊಳೆದಿಡಬೇಕು.