ಮುದುಕರ ಊರೊಂದರ ಪಾಠ
(ನಮ್ಮೂರಿನ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣ)



ಮುಪ್ಪಿನಲ್ಲಿ ಒಡನಾಟ ಮತ್ತು ಅಂಗಸಾಧನೆ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಭೆಯವರು ನಮ್ಮನ್ನು ಕರೆದಿದ್ದಾರೆ. ಬೆಳಿಗ್ಗೆ ಎದ್ದು ನಡೆಯಿರಿ, ಉಪ್ಪು ಕಡಿಮೆ ಮಾಡಿರಿ, ಚಿಂತೆ ಬಿಡಿರಿ ಎಂದು ಹೇಳಲು ವೈದ್ಯರಿದ್ದಾರೆ, ಹರಿದಾಸರಿದ್ದಾರೆ. ನಮಗೆ ಇನ್ನೂ ನಲವತ್ತು ತುಂಬಿಲ್ಲ. ನಿಮ್ಮ ಮಂಡಿನೋವಿನ ಬಗ್ಗೆ ನಿಮಗೇ ಉಪದೇಶ ಮಾಡುವುದು ಅಧಿಕಪ್ರಸಂಗವಾದೀತು. ಆದ್ದರಿಂದ ನಾವು ಓದಿ ತಿಳಿದುಕೊಂಡ ಒಂದು ಊರಿನ ಕಥೆಯನ್ನು ಹೇಳುತ್ತೇವೆ. ಅದು ದೂರದ ಊರು, ಶ್ರೀಮಂತ ದೇಶದ ಊರು. ಆದರೂ ಅಲ್ಲಿ ನಡೆದದ್ದರಲ್ಲಿ ನಮಗೆ ಬೇಕಾದದ್ದೂ ಇದೆ, ಬೇಡವಾದದ್ದೂ ಇದೆ.

ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ, ಫೀನಿಕ್ಸ್ ನಗರದ ವಾಯವ್ಯಕ್ಕೆ, ಸನ್ ಸಿಟಿ ಎಂಬ ಊರಿದೆ. ಹೆಸರಿನ ಅರ್ಥ ಸೂರ್ಯನಗರಿ. ಡೆಲ್ ವೆಬ್ ಎಂಬ ದೊಡ್ಡ ಕಂಟ್ರಾಕ್ಟರ್ ಇದನ್ನು ಕಟ್ಟಿ 1960ರ ಜನವರಿ 1ರಂದು ಜನರಿಗೆ ತೆರೆದ. ಯುದ್ಧಕಾಲದಲ್ಲಿ, 1942ರಲ್ಲಿ, ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಪೋಸ್ಟನ್ ಶಿಬಿರವನ್ನು ಕಟ್ಟಿಕೊಟ್ಟದ್ದು ಈತನ ಕಂಪೆನಿಯೇ. ಲಾಸ್ ವೇಗಾಸಿನ ಫ್ಲಮಿಂಗೊ ಎಂಬ ಜೂಜಿನ ಹೋಟೆಲನ್ನು ಕಟ್ಟಿದ್ದೂ ಅದೇ. ಮೊದಲು ಸೆರೆ, ಆಮೇಲೆ ಜೂಜು, ಆಮೇಲೆ ಮುಪ್ಪು! ಕಂಟ್ರಾಕ್ಟರಿಗೆ ಎಲ್ಲ ಇಟ್ಟಿಗೆಯೂ ಒಂದೇ.

ಆದರೆ ಆತ ಒಂದು ಜಾಣತನ ಮಾಡಿದ. ಮನೆ ಮೊದಲು ಮಾರಿ, ಆಟದ ಬಯಲನ್ನು ಆಮೇಲೆ ನೋಡೋಣವೆಂದು ಮಾತು ಕೊಡಲಿಲ್ಲ. ಮನೆಯ ಮಾದರಿ ಐದೇ ಐದು. ಅವುಗಳ ಜೊತೆಗೆ ಗಾಲ್ಫ್ ಬಯಲು, ಈಜುಕೊಳ, ಸಭಾಂಗಣ, ಕೈಕಸುಬಿನ ಕೋಣೆ, ಅಂಗಡಿ ಸಾಲು ಎಲ್ಲವನ್ನೂ ಮೊದಲೇ ಸಿದ್ಧಮಾಡಿ ತೋರಿಸಿದ. ಹತ್ತು ಸಾವಿರ ಜನ ಬಂದಾರೆಂದು ಎಣಿಸಿದ್ದ ಕಡೆ ಮೂರು ದಿನಗಳಲ್ಲಿ ಸುಮಾರು ಒಂದು ಲಕ್ಷ ಜನ ಬಂದರಂತೆ. ಆ ಮೂರು ದಿನಗಳಲ್ಲೇ 237 ಮನೆಗಳು ಮಾರಿಹೋದವು.

ಅಷ್ಟು ಜನ ಓಡಿ ಬಂದದ್ದು ಏತಕ್ಕೆ? ಮನೆ ಎಲ್ಲಿಯೂ ಸಿಕ್ಕುತ್ತಿತ್ತು. ಕೆಲಸದಿಂದ ಬಿಡುಗಡೆಯಾದ ಮನುಷ್ಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಅವರ ದೇಶದಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಮೂವತ್ತು ವರ್ಷ ಕಾರ್ಖಾನೆಯ ಸೈರನ್ನಿಗೆ ಎದ್ದವನು ಒಂದು ದಿನ ಎದ್ದು ನೋಡಿದರೆ ಸೈರನ್ನು ಅವನದಲ್ಲ. ಸನ್ ಸಿಟಿ ಅವನಿಗೆ ಹೋಗಲೊಂದು ಜಾಗ ತೋರಿಸಿತು.

ಈಗ ಅಲ್ಲಿ ಏಳು ವಿಹಾರ ಕೇಂದ್ರಗಳು, ನೂರಕ್ಕೂ ಮಿಕ್ಕಿದ ಸಂಘಗಳು. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು ನಲವತ್ತು ಸಾವಿರ. ಒಂದು ಕೋಣೆಯಲ್ಲಿ ಮರಗೆಲಸ, ಇನ್ನೊಂದರಲ್ಲಿ ಮಡಕೆ, ಮತ್ತೊಂದರಲ್ಲಿ ಮಗ್ಗ, ಕಲ್ಲಿಗೆ ಸಾಣೆ ಹಿಡಿಯುವುದು. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟ, ಈಜು, ಕುಣಿತ. 1979ರಲ್ಲಿ ಅಲ್ಲಿನ ಹೆಂಗಸರು ಒಂದು ಕುಣಿತದ ತಂಡ ಕಟ್ಟಿದರು. ಅದರಲ್ಲಿ ಐವತ್ತೈದು ದಾಟಿದವರಿಗೇ ಪ್ರವೇಶ. ಮೆರವಣಿಗೆಗಳಲ್ಲಿ ಕುಚ್ಚು ಹಿಡಿದು ಕಾಲೆತ್ತಿ ಕುಣಿಯುತ್ತಾರೆ. ನಮ್ಮಲ್ಲಿ ಆ ವಯಸ್ಸಿನ ಹೆಂಗಸು ಮದುವೆ ಮನೆಯಲ್ಲಿ ಗಟ್ಟಿಯಾಗಿ ನಕ್ಕರೂ ಸೊಸೆಯಂದಿರು ಮುಖ ನೋಡುತ್ತಾರೆ.

ಬರೀ ಆಟವೆಂದು ತಿಳಿಯಬೇಡಿ. ಆ ಊರಿಗೆ ಪುರಸಭೆಯೇ ಇಲ್ಲ. ಬೀದಿಯ ಕಸ ಎತ್ತುವುದಕ್ಕೆ, ದಾರಿಬದಿಯ ಗಿಡ ಕತ್ತರಿಸುವುದಕ್ಕೆ ಮುದುಕರದೇ ಸ್ವಯಂಸೇವಕ ದಳವಿದೆ. ಗಸ್ತು ತಿರುಗುವ ದಳವೂ ಇದೆ. ಇವರಿಗೆ ಸಂಬಳವಿಲ್ಲ. ತಮ್ಮಿಂದ ಊರಿಗೆ ಕೆಲಸವಿದೆ ಎಂಬ ಭಾವನೆಯಿದೆಯಲ್ಲ, ಅದು ಯಾವ ಕಸರತ್ತಿಗೂ ಕಡಿಮೆಯಲ್ಲವೆಂದು ನಮ್ಮ ಅಭಿಪ್ರಾಯ.

ಇದು ಬರಿಯ ಅಭಿಪ್ರಾಯದ ಮಾತಲ್ಲವೆನ್ನುವುದಕ್ಕೆ ಎರಡು ಆಧಾರ ಕೊಡುತ್ತೇವೆ. ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಬಸ್ ನೌಕರರ ಹೃದಯರೋಗವನ್ನು ಕುರಿತು ಪರಿಶೋಧನೆ ಮಾಡಿ 1953ರಲ್ಲಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಕಂಪೆನಿ, ಹೆಚ್ಚುಕಡಿಮೆ ಒಂದೇ ಬಗೆಯ ಬದುಕು. ಆದರೂ ದಿನವೆಲ್ಲ ಕೂತು ಬಸ್ ನಡೆಸುವ ಡ್ರೈವರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರಿಗೆ ಹೃದಯರೋಗ ಕಡಿಮೆ. ಎರಡನೆಯದು ಕ್ಯಾಲಿಫೋರ್ನಿಯಾದ ಅಲಮೀಡಾ ಜಿಲ್ಲೆಯದು. ಅಲ್ಲಿ 1965ರಿಂದ ಒಂಬತ್ತು ವರ್ಷ ಸುಮಾರು ಏಳು ಸಾವಿರ ಜನರನ್ನು ಗಮನಿಸಿದರು. ಫಲಿತಾಂಶ 1979ರಲ್ಲಿ ಹೊರಬಂತು. ನೆಂಟರು, ಗೆಳೆಯರು, ಸಂಘ, ಸಭೆ ಯಾವುದೂ ಹೆಚ್ಚಾಗಿ ಇಲ್ಲದವರು, ಇದ್ದವರಿಗಿಂತ ಎರಡು ಪಟ್ಟಿಗೂ ಮಿಕ್ಕಿ ಸತ್ತಿದ್ದರು. ಬೀಡಿ, ಹೆಂಡ, ಬಡತನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಅಳಿಯಲಿಲ್ಲ. ಮಾತನಾಡಿಸುವವರಿಲ್ಲದ ಮುದುಕ ಬೇಗ ಸಾಯುತ್ತಾನೆ ಎಂಬುದನ್ನು ನಮ್ಮ ಅಜ್ಜಿಯಂದಿರು ಅಂಕಿ ಅಂಶವಿಲ್ಲದೆಯೇ ತಿಳಿದಿದ್ದರು. ಈಗ ಅಂಕಿಯೂ ಸಿಕ್ಕಿದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ಅರವತ್ತೈದು ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಹದವಾಗಿ ಮೈ ಆಡಿಸಬೇಕು, ಎರಡು ದಿನ ಸ್ನಾಯುಗಳಿಗೆ ಬಲ ಬರುವ ಸಾಧನೆ, ಮೂರು ದಿನ ಬೀಳದಂತೆ ತೋಲ ಹಿಡಿಯುವ ಅಭ್ಯಾಸ. ಮುದುಕರಿಗೆ ಬೀಳುವುದೇ ದೊಡ್ಡ ಶತ್ರು. ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದವರನ್ನು ಈ ಸಭೆಯಲ್ಲಿ ಎಲ್ಲರೂ ಕಂಡಿದ್ದೀರಿ.

ಇಲ್ಲಿ ಯಾರಾದರೂ ಕೇಳಬಹುದು: ಎಪ್ಪತ್ತರಲ್ಲೂ ಬಗ್ಗಿ ನಾಟಿ ಮಾಡುವ ಅಜ್ಜಿಗೆ, ತಲೆಯ ಮೇಲೆ ಸೌದೆ ಹೊರುವವಳಿಗೆ ಯಾವ ಕಸರತ್ತು ಬೇಕು ಸ್ವಾಮಿ? ಕೇಳಬೇಕಾದ ಪ್ರಶ್ನೆಯೇ. ಅವಳ ಮೈ ಆಡುತ್ತದೆ, ನಿಜ. ಆದರೆ ಒಂದೇ ಕಡೆ ಬಗ್ಗಿ, ಬೇರೆಯವರು ಗೊತ್ತುಮಾಡಿದ ಹೊತ್ತಿನವರೆಗೆ ಆಡುತ್ತದೆ. ನೋವಾದಾಗ ನಿಲ್ಲಿಸುವ ಹಕ್ಕು ಅವಳಿಗಿಲ್ಲ. ಕಸರತ್ತು ಮಾಡುವವನು ಸಾಕೆನಿಸಿದಾಗ ನಿಲ್ಲಿಸುತ್ತಾನೆ. ವ್ಯತ್ಯಾಸವೆಲ್ಲ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸವಲ್ಲ. ನಿವೃತ್ತಿ ಎಂಬ ಶಬ್ದವೇ ಸಂಬಳಗಾರರದು. ಬೀಡಿ ಕಟ್ಟುವವಳಿಗೆ, ಹಮಾಲಿಗೆ ಯಾವ ತಾರೀಖಿಗೆ ನಿವೃತ್ತಿ? ಅವರಿಗೆ ಮೊದಲು ಬೇಕಾದದ್ದು ಬಿಡುವು. ಬಿಡುವಿಲ್ಲದವರಿಗೆ ಒಡನಾಟದ ಮಾತು ಹೇಳುವುದು ಹಸಿದವನಿಗೆ ತಾಂಬೂಲ ಕೊಟ್ಟಂತೆ.

ಸನ್ ಸಿಟಿಯವರಿಗೆ ಆ ಬಿಡುವು ಎಲ್ಲಿಂದ ಬಂತು? ಇದನ್ನು ಕಂಟ್ರಾಕ್ಟರು ತನ್ನ ಜಾಹೀರಾತಿನಲ್ಲಿ ಹೇಳಲಿಲ್ಲ. ಅದಕ್ಕೆ 1933ಕ್ಕೆ ಹೋಗಬೇಕು. ಜಗತ್ತನ್ನೇ ಕಂಗೆಡಿಸಿದ ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಫ್ರಾನ್ಸಿಸ್ ಟೌನ್‌ಸೆಂಡ್ ಎಂಬ ವೃದ್ಧ ವೈದ್ಯರು ಸ್ಥಳೀಯ ಪತ್ರಿಕೆಗೆ ಒಂದು ಕಾಗದ ಬರೆದರು. ಅರವತ್ತು ದಾಟಿ ಕೆಲಸ ಬಿಟ್ಟವರಿಗೆಲ್ಲ ಸರ್ಕಾರ ತಿಂಗಳಿಗೊಮ್ಮೆ ಹಣ ಕೊಡಲಿ ಎಂಬ ಯೋಜನೆ. ಬೇಗನೆ ಅದಕ್ಕೆ 200 ಡಾಲರೆಂದು ಮೊತ್ತವೂ ಗೊತ್ತಾಯಿತು. ಲೆಕ್ಕ ಸರಿಹೊಂದದ ಯೋಜನೆಯೆಂದು ಪಂಡಿತರು ನಕ್ಕರು; ಬಹುಶಃ ಅದು ನಿಜವೂ ಹೌದು. ಆದರೆ ದೇಶದ ತುಂಬ ಮುದುಕರು ಸಾವಿರಾರು ಟೌನ್‌ಸೆಂಡ್ ಕ್ಲಬ್ಬುಗಳನ್ನು ಕಟ್ಟಿ ಸೇರತೊಡಗಿದರು. ಈ ಒತ್ತಾಯವೂ ಸೇರಿ 1935ರ ಆಗಸ್ಟ್ 14ರಂದು ರೂಸ್‌ವೆಲ್ಟರು ಸಾಮಾಜಿಕ ಭದ್ರತಾ ಶಾಸನಕ್ಕೆ ಸಹಿ ಹಾಕಿದರು. ಅರವತ್ತೈದಕ್ಕೆ ಪಿಂಚಣಿ. ತಿಂಗಳ ಚೆಕ್ಕುಗಳು 1940ರಿಂದ ಬರತೊಡಗಿದವು. ಕಾರ್ಖಾನೆಯ ಕೂಲಿ ಇಪ್ಪತ್ತು ವರ್ಷದ ಮೇಲೆ ಅರಿಜೋನಾದ ಬಿಸಿಲಿನಲ್ಲಿ ಚೆಂಡು ಉರುಳಿಸುವುದಕ್ಕೆ ಈ ಚೆಕ್ಕೂ ಒಂದು ಕಾರಣ.

ಆದರೆ ಅದೇ ಶಾಸನದಿಂದ ಹೊಲಗೂಲಿಗಳನ್ನೂ ಮನೆಗೆಲಸದವರನ್ನೂ ಹೊರಗೆ ಬಿಟ್ಟಿದ್ದರು! 1950 ಮತ್ತು 1954ರ ತಿದ್ದುಪಡಿಗಳು ಬಂದ ಮೇಲಷ್ಟೇ ಅವರು ಹಂತಹಂತವಾಗಿ ಒಳಕ್ಕೆ ಬಂದರು. ಸನ್ ಸಿಟಿ ಕಟ್ಟಿದ ನೆಲ ಯಾವುದು ಗೊತ್ತೆ? ಮ್ಯಾರಿನೆಟ್ ಎಂಬಲ್ಲಿನ ಹತ್ತಿಯ ಹೊಲ. ಪಕ್ಕದ ಎಲ್ ಮಿರಾಜ್ ಹೊಲಗೂಲಿಗಳು ನೆಲೆನಿಂತು ಬೆಳೆದ ಊರು. ಹತ್ತಿ ಬಿಡಿಸಿದ ಕೈಗಳಿಗೆ ಪಿಂಚಣಿಯಿಲ್ಲದ ಕಾಲ ಕಳೆದು ಹೆಚ್ಚು ವರ್ಷವಾಗಿರಲಿಲ್ಲ; ಅದೇ ನೆಲದ ಮೇಲೆ ಪಿಂಚಣಿದಾರರ ಗಾಲ್ಫ್ ಬಯಲು ಹಸಿರಾಯಿತು.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡುತ್ತದೆ. ನಾವು ಹಿಂದೆ ಮೇಷ್ಟರಾಗಿದ್ದವರಾದ್ದರಿಂದ ಇರಬಹುದು. ಸನ್ ಸಿಟಿಗೆ ಗೇಟಿಲ್ಲ, ಆದರೆ ಕಾಗದದಲ್ಲಿ ಬೇಲಿಯಿದೆ. ಮನೆಯಲ್ಲಿ ಒಬ್ಬರಾದರೂ ಐವತ್ತೈದು ದಾಟಿರಬೇಕು, ಹತ್ತೊಂಬತ್ತು ತುಂಬದವರು ಖಾಯಮ್ಮಾಗಿ ಇರುವಂತಿಲ್ಲ. ಮೊಮ್ಮಕ್ಕಳು ನೆಂಟರಂತೆ ಬಂದು ಹೋಗಬೇಕು. ಊರು ಪಿಯೋರಿಯಾ ಎಂಬ ನೆರೆಯ ಶಾಲಾ ಜಿಲ್ಲೆಗೆ ಸೇರಿತ್ತು. ಅಲ್ಲಿ ಮಕ್ಕಳು ಹೆಚ್ಚಿ ಶಾಲೆಗಳು ಕಿಕ್ಕಿರಿದವು. ಹೊಸ ಕಟ್ಟಡಕ್ಕೆ ಸಾಲ ಎತ್ತಲು ಮತದಾರರ ಒಪ್ಪಿಗೆ ಬೇಕು. ಸನ್ ಸಿಟಿಯ ಮುದುಕರು 1960 ಮತ್ತು 70ರ ದಶಕಗಳಲ್ಲಿ ಸಾಲುಗಟ್ಟಿ ನಿಂತು ಮತ್ತೆ ಮತ್ತೆ ಬೇಡವೆಂದು ಮತ ಹಾಕಿದರು. ನಮ್ಮ ಮಕ್ಕಳು ಓದಿಯಾಯಿತು, ಇನ್ನೊಬ್ಬರ ಮಕ್ಕಳಿಗೆ ನಾವೇಕೆ ತೆರಿಗೆ ಕೊಡಬೇಕೆಂಬ ವಾದ. ಕೊನೆಗೆ 1970ರ ದಶಕದ ನಡುವಿನಲ್ಲಿ ಸನ್ ಸಿಟಿಯನ್ನು ಆ ಶಾಲಾ ಜಿಲ್ಲೆಯಿಂದಲೇ ಬಿಡಿಸಿದರು.

ಹಿರಿಯರೇ, ಅವರು ಕೆಟ್ಟವರಲ್ಲ. ಬೀದಿ ಗುಡಿಸುವವರು, ಒಬ್ಬರಿಗೊಬ್ಬರು ಆಗುವವರು. ಅದಕ್ಕೇ ಈ ಸಂಗತಿ ಕಾಡುತ್ತದೆ. ದಿನವೂ ಕಾಣದ ಮಗುವಿನ ಕಷ್ಟ ಒಳ್ಳೆಯವನಿಗೂ ತಾಗುವುದಿಲ್ಲ.

ಈಗ ಗಮನಿಸಿ. ಆ ಊರಿನ ಈಜುಕೊಳ, ಸಭಾಂಗಣ, ಕಸುಬಿನ ಕೋಣೆ ಯಾವುದೂ ಒಬ್ಬನ ಸ್ವಂತದ್ದಲ್ಲ. ಮನೆಯುಳ್ಳವರೆಲ್ಲ ವರ್ಷವರ್ಷವೂ ಹಣ ಹಾಕಿ, ತಾವೇ ಮಂಡಲಿಯನ್ನು ಚುನಾಯಿಸಿ, ಲಾಭವಿಲ್ಲದ ಸಂಸ್ಥೆಯೊಂದರ ಮೂಲಕ ನಡೆಸುತ್ತಾರೆ. ಎಲ್ಲರಿಗೂ ಸೇರಿದ ಆಸ್ತಿಯಿಂದಲೇ ಅವರ ಮೈಮನ ಗಟ್ಟಿಯಾಯಿತು. ನಮ್ಮ ಪಕ್ಷದವರು ಹೇಳಿದರೆ ಇದೇ ಮಾತಿಗೆ ಬೇರೆ ಹೆಸರಿಟ್ಟು ಬೈಯುತ್ತಾರೆ! ಆದರೆ ಅವರ 'ಎಲ್ಲರೂ' ಎಂಬ ಮಾತು ಮನೆ ಕೊಂಡವರಲ್ಲಿಗೆ ನಿಂತುಹೋಯಿತು. ಬೆಂಗಳೂರು, ಮೈಸೂರಿನ ಕಡೆ ಈಗ ಹಿರಿಯರ ಬಡಾವಣೆಗಳೆಂದು ಜಾಹೀರಾತು ಬರುತ್ತಿವೆ. ಕೊಳ್ಳುವವರು ಕೊಳ್ಳಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಈ ಸಭೆಯಲ್ಲಿ ಕೊಳ್ಳುವವರು ಎಷ್ಟು ಮಂದಿ?

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನ 1995ರ ಆಗಸ್ಟ್ 15ರಂದು ಶುರುವಾದಾಗ ತಿಂಗಳಿಗೆ 75 ರೂಪಾಯಿ. ಆಮೇಲೆ 200 ಆಯಿತು. ಎಂಬತ್ತು ದಾಟಿದವರಿಗೆ 500. ಕರ್ನಾಟಕದ ಸಂಧ್ಯಾ ಸುರಕ್ಷಾ 2007ರಲ್ಲಿ ಬಂತು; 2021ರಲ್ಲಿ ಅದು 1,200 ರೂಪಾಯಿಗೆ ಏರಿತು. ಇದರಲ್ಲಿ ರಕ್ತದೊತ್ತಡದ ಮಾತ್ರೆ ಕೊಂಡ ಮೇಲೆ ಉಳಿಯುವುದೆಷ್ಟೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಈ ಮೊತ್ತದ ಹೋರಾಟ ದೊಡ್ಡದು, ಅದು ನಡೆಯುತ್ತಲೇ ಇರಬೇಕು. ಆದರೆ ಅದು ಮುಗಿಯುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ.

ನಮ್ಮ ಊರಿನಲ್ಲಿ ಪ್ರೌಢಶಾಲೆಯ ಮೈದಾನವಿದೆ. ಬೆಳಿಗ್ಗೆ ಒಂಬತ್ತರವರೆಗೆ ಬೀಗ. ಪುರಸಭೆಯ ಭವನವಿದೆ, ಮದುವೆಗೆ ಬಾಡಿಗೆ ಕೊಡುತ್ತಾರೆ, ಮಿಕ್ಕ ದಿನ ಬಾವಲಿಗಳಿಗೆ ಬಿಟ್ಟಿದ್ದಾರೆ. ಗರಡಿಮನೆಯ ಮಣ್ಣು ಒಣಗಿದೆ, ಕಟ್ಟಡ ನೆಟ್ಟಗಿದೆ. ಹೊಸದಾಗಿ ಒಂದು ಇಟ್ಟಿಗೆಯೂ ಬೇಡ. ಬೆಳಿಗ್ಗೆ ಐದೂವರೆಗೆ ಮೈದಾನದ ಬೀಗ ತೆಗೆಯಲಿ. ಹೆಂಗಸರಿಗೆ ನೀರಿರುವ ಶೌಚಾಲಯ ಇರಲಿ. ಅದಿಲ್ಲದೆ ಅವರು ಮನೆ ಬಿಟ್ಟು ಹೊರಡುವುದಿಲ್ಲ, ಗಂಡಸರಿಗೆ ಇದು ಹೊಳೆಯುವುದೂ ಇಲ್ಲ. ಕೂರಲು ಒರಗಿರುವ ನಾಲ್ಕು ಬೆಂಚು. ವಾರಕ್ಕೆರಡು ಸಂಜೆ ಭವನವನ್ನು ಬಾಡಿಗೆಯಿಲ್ಲದೆ ಕೊಡಲಿ. ಸಂಜೆ ಹುಡುಗರು ಅದೇ ಮೈದಾನದಲ್ಲಿ ಆಡಲಿ, ಅವರನ್ನು ಓಡಿಸಬೇಡಿ. ಶಾಲೆಯ ಸೋರುವ ಎರಡು ಕೋಣೆಗಳ ದುರಸ್ತಿಯನ್ನೂ ಅರ್ಜಿಯಲ್ಲಿ ಸೇರಿಸಿದ್ದೇವೆ. ಹಿರಿಯರ ಅರ್ಜಿಯಲ್ಲಿ ಅದೇಕೆಂದು ನಿನ್ನೆ ಒಬ್ಬರು ಕೇಳಿದರು. ಏಕೆಂದು ಈಗ ಗೊತ್ತಾಗಿರಬೇಕು.

ಅರ್ಜಿ ಅಧ್ಯಕ್ಷರ ಮೇಜಿನ ಮೇಲಿದೆ. ಓದಲು ಬಾರದವರಿಗೆ ನಮ್ಮ ಹುಡುಗರು ಓದಿ ಹೇಳುತ್ತಾರೆ. ಕೇಳದೆ ಯಾರೂ ಸಹಿ ಹಾಕಬೇಡಿ. ಹೆಬ್ಬೆಟ್ಟು ಒತ್ತುವವರಿಗೆ ಶಾಯಿಯೂ ಇದೆ, ಕೈ ಒರೆಸಿಕೊಳ್ಳಲು ಬಟ್ಟೆಯೂ ಇದೆ. ಬರುವ ಸೋಮವಾರ ಹನ್ನೊಂದು ಗಂಟೆಗೆ ಪುರಸಭೆಯ ಮುಂದೆ ಸೇರೋಣ. ನಡೆಯಲಾಗದವರಿಗೆ ಎರಡು ಆಟೋ ಗೊತ್ತುಮಾಡಿದ್ದೇವೆ. ಮಿಕ್ಕವರು ನಡೆದೇ ಬನ್ನಿ.